ಬಿಳಿಚಿದ ಕಿವಿರು

"ಗುರುಗಳೇ, ಹೇಳುವ ಮಾತು ನಿಜವೇ ಆಗಿದ್ದು, ಜನ ಅದನ್ನು ಕೇಳಲಿ ಎಂದು ಒಂದಿಷ್ಟು ಸುಳ್ಳು ಸೇರಿಸಿದರೆ ತಪ್ಪೇ?"

ಹೀಗೆ ಕೇಳಿದವನು ಹಳ್ಳಿಯೊಂದರಿಂದ ಆಗಷ್ಟೇ ಮರಳಿ ಬಂದಿದ್ದ ಶಿಷ್ಯ. ಆ ಹಳ್ಳಿಯಲ್ಲಿ ಬೇಸಗೆಯಲ್ಲೂ ಬತ್ತದ ಬಾವಿ ಒಂದೇ ಇತ್ತು. ಅದರ ಹಗ್ಗವನ್ನು ಒಂದು ಕೇರಿಯವರು ಮುಟ್ಟುವಂತಿರಲಿಲ್ಲ. ನೀರು ಎಲ್ಲರದು ಎಂದು ಹೇಳಿ ಬಾ ಎಂದು ಗುರುಗಳು ಅವನನ್ನು ಕಳಿಸಿದ್ದರು. ಒಂದು ತಿಂಗಳು ಅವನು ಅರಳಿಕಟ್ಟೆಯ ಮೇಲೆ ಕುಳಿತು ಹೇಳಿದ. ಕೇಳಲು ಬಂದವರು ಇಬ್ಬರು ಮುದುಕರು. ಅವರಲ್ಲಿ ಒಬ್ಬರಿಗೆ ಕಿವಿ ಮಂದ. ಅದೇ ತಿಂಗಳಲ್ಲಿ ಪಕ್ಕದ ಊರಿನಲ್ಲಿ ಯಾರೋ ಒಬ್ಬ ಬೂದಿ ಮಂತ್ರಿಸಿ ಕೊಡುತ್ತೇನೆ ಎಂದದ್ದಕ್ಕೆ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿದ್ದರು.

ಶಿಷ್ಯ ದಾರಿಯುದ್ದಕ್ಕೂ ಯೋಚನೆ ಮಾಡಿಕೊಂಡು ಬಂದಿದ್ದ. ಗುರುಗಳು ಹಿಂದೊಮ್ಮೆ ತುಂಬಿದ ಹೊಳೆಯ ಮೇಲೆ ನಡೆದು ಆಚೆ ದಡ ಸೇರಿದರು ಎಂದು ಹೇಳಿದರೆ ಸಾಕು, ಜನ ಬಂದೇ ಬರುತ್ತಾರೆ. ಬಂದ ಮೇಲೆ ಬಾವಿಯ ಮಾತು ತೆಗೆಯಬಹುದು. ಉದ್ದೇಶ ಒಳ್ಳೆಯದು, ಯಾರಿಗೂ ನಷ್ಟವಿಲ್ಲ, ಬಾಯಾರಿದ ಒಂದು ಕೇರಿಗೆ ನೀರು ಸಿಗುತ್ತದೆ. ಅಪ್ಪಣೆಯಾದರೆ ನಾಳೆ ಬೆಳಿಗ್ಗೆಯೇ ಹೊರಡುತ್ತೇನೆ ಎಂದು ಕೈಮುಗಿದು ನಿಂತ.

ಗುರುಗಳಿಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಅವರು ಬೈಯುತ್ತಿರಲಿಲ್ಲ, ಕತೆ ಹೇಳುತ್ತಿದ್ದರು. ಕುಳಿತುಕೋ, ಮೀನಿನ ಕತೆ ಹೇಳುತ್ತೇನೆ ಎಂದರು. ಶಿಷ್ಯ ಮೀನು ಮುಟ್ಟದ ಮನೆಯವನು. ಅವನ ಮೂಗು ತನ್ನಷ್ಟಕ್ಕೇ ಸೊಟ್ಟಗಾಯಿತು. ಗುರುಗಳು ಹುಟ್ಟಿದ್ದು ಕಡಲ ತೀರದಲ್ಲಿ, ಮೀನುಗಾರರ ಮನೆಯಲ್ಲಿ. ಅದನ್ನು ಅವರು ಎಂದೂ ಮುಚ್ಚಿಟ್ಟವರಲ್ಲ.

"ಮೂಗು ನೆಟ್ಟಗೆ ಮಾಡು," ಎಂದರು. "ಸರಿಯಾಗಿ ಕೊಯ್ದ ಮೀನು ನಾರುವುದಿಲ್ಲ. ನಾರುವುದು ಮನುಷ್ಯರ ಅಸಡ್ಡೆ."

ಆಮೇಲೆ ಕತೆ ಹೇಳಿದರು.

ಹೊಳೆ ಕಡಲನ್ನು ಸೇರುವ ಅಳಿವೆಯ ಬಳಿ ಒಂದು ಊರು. ಅಲ್ಲಿ ಒಬ್ಬ ಮೀನುಗಾರನಿದ್ದ. ಅವನದು ಸಣ್ಣ ದೋಣಿ. ಬಲೆಯಿಲ್ಲ, ಗಾಳ ಮಾತ್ರ. ಊರಿನ ಎಲ್ಲರಂತೆ ಅವನೂ ಹಿಡಿದ ಮೀನನ್ನು ದೋಣಿಯ ತಳಕ್ಕೆ ಎಸೆಯುತ್ತಿದ್ದ. ಮೀನು ಹಲಗೆಗೆ ಬಡಿದುಕೊಂಡು ಬಡಿದುಕೊಂಡು ಸಾಯುತ್ತಿತ್ತು. ಅದರ ಮೇಲೆ ಇನ್ನೊಂದು ಬೀಳುತ್ತಿತ್ತು. ಮೇಲಿನಿಂದ ಬಿಸಿಲು, ನಡುವೆ ಓಡಾಡುವ ಕಾಲು. ದಡ ಮುಟ್ಟಿದ ಮೇಲೆ ರಾಶಿಯ ಮೇಲೆ ಐಸು ಸುರಿಯುವುದು ಅಲ್ಲಿನ ಪದ್ಧತಿ. ಸತ್ತ ಮೇಲೆ ಮದ್ದು ಕುಡಿಸುವ ಬುದ್ಧಿವಂತರು ಎಲ್ಲ ಊರಲ್ಲೂ ಇರುತ್ತಾರೆ.

ಒಂದು ದಿನ ಗಾಳ ಬಿಡಿಸುವಾಗ ಅವನ ಚಾಕು ಜಾರಿತು. ಒಂದು ಅಂಜಲ್ ಮೀನಿನ ಕಿವಿರಿನ ಬುಡ ಕತ್ತರಿಸಿಹೋಯಿತು. ಕಿವಿರು ಮೀನಿನ ತಲೆಯ ಪಕ್ಕದಲ್ಲಿ, ಮುಚ್ಚಳದಂಥ ಎಲುಬಿನ ಕೆಳಗೆ ಇರುತ್ತದೆ. ಮೀನು ಉಸಿರಾಡುವುದು ಅದರಿಂದ. ಅಲ್ಲಿ ಕತ್ತರಿಸಿದರೆ ಮೈಯ ರಕ್ತವೆಲ್ಲ ಹರಿದುಹೋಗುತ್ತದೆ. ಗಾಯದ ಮೀನನ್ನು ಯಾರು ಕೊಳ್ಳುತ್ತಾರೆ ಎಂದು ಅವನು ಅಲ್ಲೇ ಅದರ ಕರುಳು ತೆಗೆದು, ಕಡಲ ನೀರಲ್ಲಿ ತೊಳೆದು, ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಟ್ಟು ಮನೆಯ ಸಾರಿಗೆಂದು ತಂದ. ಊಟಕ್ಕೆ ಕುಳಿತಾಗ ಮೊದಲ ತುತ್ತು ಬಾಯಲ್ಲೇ ನಿಂತಿತು. ನಲವತ್ತು ವರ್ಷ ಮೀನು ತಿಂದ ಬಾಯಿ ಅದು. ಮೀನಿಗೆ ಇಂಥ ರುಚಿ ಇದೆ ಎಂದು ಅದಕ್ಕೆ ಗೊತ್ತಿರಲಿಲ್ಲ. ಅವನಿಗೆ ಸಂತೋಷವಾಗಲಿಲ್ಲ, ನಾಚಿಕೆಯಾಯಿತು. ಇಷ್ಟು ಒಳ್ಳೆಯದನ್ನು ಇಷ್ಟು ವರ್ಷ ನಾನೇ ಕೆಡಿಸಿ ಕೆಡಿಸಿ ಮಾರಿದೆನಲ್ಲ ಎಂದುಕೊಂಡ.

ಮರುದಿನದಿಂದ ಅವನ ಕೆಲಸದ ರೀತಿಯೇ ಬೇರೆಯಾಯಿತು. ಗಾಳಕ್ಕೆ ಬಿದ್ದ ಮೀನನ್ನು ಒದ್ದಾಡಲು ಬಿಡುತ್ತಿರಲಿಲ್ಲ. ತಲೆಗೆ ಒಂದು ಏಟು, ಕೂಡಲೇ ಕಿವಿರಿನ ಬುಡಕ್ಕೆ ಚಾಕು. ಕಡಲ ನೀರಿನ ಬಕೆಟಿನಲ್ಲಿ ತಲೆ ಕೆಳಗೆ ಮಾಡಿಟ್ಟು ರಕ್ತ ಪೂರ್ತಿ ಬಸಿಯುವ ತನಕ ಕಾಯುತ್ತಿದ್ದ. ಹೊಟ್ಟೆ ಸೀಳಿ ಕರುಳು ತೆಗೆದು, ಒಳಗೆ ಬೆನ್ನುಮೂಳೆಗೆ ಅಂಟಿಕೊಂಡ ಕಪ್ಪು ರಕ್ತದ ಗೆರೆಯನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದು ತೆಗೆಯುತ್ತಿದ್ದ. ಅದೊಂದು ಗೆರೆ ಉಳಿದರೆ ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಸಿಹಿನೀರು ತಾಗಿಸುತ್ತಿರಲಿಲ್ಲ. ಪುಡಿ ಮಾಡಿದ ಐಸನ್ನು ದಡದಿಂದಲೇ ಒಯ್ಯುತ್ತಿದ್ದ. ಕೆಳಗೆ ಐಸು, ನಡುವೆ ಮೀನು, ಮೇಲೆ ಐಸು. ಒಂದರ ಮೇಲೆ ಒಂದು ಒತ್ತದ ಹಾಗೆ ಮಲಗಿಸುತ್ತಿದ್ದ.

ದೋಣಿಯ ಅರ್ಧ ಜಾಗ ಐಸಿಗೇ ಹೋಯಿತು. ಅರ್ಧ ಹೊತ್ತು ಕೊಯ್ಯುವುದಕ್ಕೇ ಹೋಯಿತು. ಉಳಿದವರ ದೋಣಿ ತುಂಬಿ ಬಂದರೆ ಇವನದು ಅರ್ಧ ಖಾಲಿ ಬರುತ್ತಿತ್ತು. ಇವನು ಕಡಲಿಗೆ ಐಸು ಮಾರಲು ಹೋಗುತ್ತಾನೆ ಎಂದು ದಡದವರು ಆಡಿಕೊಂಡರು. ಊರೇ ಒಂದು ದಾರಿಯಾದರೆ ಎಡವಟ್ಟನದೇ ಒಂದು ದಾರಿ ಎಂದರು. ಅವನು ತಲೆ ಎತ್ತಿಯೂ ನೋಡಲಿಲ್ಲ.

ಅವನ ಹೆಂಡತಿ ಊರಿನ ಮೀನುಕಟ್ಟೆಯಲ್ಲಿ ಕುಳಿತು ಮಾರುವವಳು. ತೊಂದರೆ ಶುರುವಾದದ್ದು ಅಲ್ಲಿ. ಆ ಊರಿನವರು ಮೀನು ಕೊಳ್ಳುವ ಕ್ರಮ ಒಂದೇ. ಬುಟ್ಟಿಯ ಮುಂದೆ ಕೂರುವುದು, ಎರಡು ಬೆರಳಿನಿಂದ ಕಿವಿರಿನ ಮುಚ್ಚಳ ಎತ್ತುವುದು, ಒಳಗೆ ಕೆಂಪಾಗಿದ್ದರೆ ತಾಜಾ, ಬಿಳಿಚಿದ್ದರೆ ಹಳೆಯದು. ಅಜ್ಜಿ ತಾಯಿಗೆ ಹೇಳಿಕೊಟ್ಟದ್ದು, ತಾಯಿ ಮಗಳಿಗೆ ಹೇಳಿಕೊಟ್ಟದ್ದು. ಸುಳ್ಳೇನೂ ಅಲ್ಲ, ರಕ್ತ ಇರುವ ಮೀನಿಗೆ ಅದು ಸರಿಯಾದ ಪರೀಕ್ಷೆಯೇ. ಆದರೆ ಇವನ ಮೀನಿನಲ್ಲಿ ರಕ್ತವೇ ಇಲ್ಲ. ಒಂದು ಗಂಟೆಯ ಹಿಂದೆ ಕಡಲಲ್ಲಿದ್ದ ಮೀನಿನ ಕಿವಿರು ನಾಲ್ಕು ದಿನದ ಹೆಣದ ಕಿವಿರಿನಂತೆ ಬಿಳಿಚಿಕೊಂಡಿತ್ತು. ಮುಚ್ಚಳ ಎತ್ತಿದವರು ಮೂಗು ಮುರಿದು ಪಕ್ಕದ ಬುಟ್ಟಿಗೆ ಹೋದರು.

ಮೊದಲ ದಿನ ತುಂಬಿದ ಬುಟ್ಟಿ ಹಾಗೆಯೇ ಮನೆಗೆ ಬಂತು. ಹೆಂಡತಿ ಬುಟ್ಟಿಯನ್ನು ಕುಕ್ಕಿ, ನಾಳೆಯಿಂದ ಕೊಯ್ಯದ ಮೀನು ತಂದರೆ ಮಾತ್ರ ಕಟ್ಟೆಗೆ ಹೋಗುತ್ತೇನೆ ಎಂದಳು. ಅವನು ವಾದಕ್ಕೆ ಇಳಿಯಲಿಲ್ಲ. ಮರುದಿನ ಒಂದೇ ಅಳತೆಯ ಎರಡು ಮೀನು ತಂದ. ಒಂದು ಕೊಯ್ದದ್ದು, ಇನ್ನೊಂದು ಊರಿನ ಕ್ರಮದಲ್ಲಿ ಬಡಿದುಕೊಂಡು ಸತ್ತದ್ದು. ಒಂದೇ ಮಸಾಲೆ ಅರೆದು ಎರಡು ಪಾತ್ರೆಯಲ್ಲಿ ಬೇಯಿಸು ಎಂದ. ಅವಳು ಬೇಯಿಸಿದಳು. ಇದರದೊಂದು ತುಂಡು ತಿಂದಳು, ಅದರದೊಂದು ತುಂಡು ತಿಂದಳು. ಮತ್ತೆ ಕೊಯ್ದ ಮೀನಿನದ್ದೇ ತಿಂದಳು. ಎದ್ದು ಕೈ ತೊಳೆದಳು.

ಅಂದಿನಿಂದ ಅವಳ ಹಟ ಗಂಡನ ಹಟಕ್ಕಿಂತ ಒಂದು ಗೇಣು ಹೆಚ್ಚಾಯಿತು. ಕಟ್ಟೆಯಲ್ಲಿ ಒಬ್ಬಳು ಮುಚ್ಚಳ ಎತ್ತಿ ನೋಡಿ ಮೀನನ್ನು ಬುಟ್ಟಿಗೆ ಎಸೆದಳು. ಇವಳು ಆ ಮೀನನ್ನು ಎತ್ತಿ ಸರಿಯಾಗಿ ಮಲಗಿಸಿ ಕೇಳಿದಳು: "ಕಿವಿರು ತಿಂತೀಯಾ ತಂಗೀ, ಮೀನು ತಿಂತೀಯಾ?"

ಸುತ್ತ ಕುಳಿತವರು ನಕ್ಕರು. ಆದರೂ ಆ ತಂಗಿ ಹೋಗಿ ಕೊಂಡದ್ದು ಪಕ್ಕದ ಬುಟ್ಟಿಯಿಂದಲೇ. ಮಾತಿನಲ್ಲಿ ಗೆದ್ದರೆ ಬುಟ್ಟಿ ಖಾಲಿಯಾಗುವುದಿಲ್ಲ. ಒಂದು ತಿಂಗಳು ಅರಳಿಕಟ್ಟೆಯಲ್ಲಿ ಕುಳಿತ ನಿನಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಊರಿನ ಮೀನುಗಾರರಿಗೂ ಸಿಟ್ಟು ಬಂತು. ಅವನು ಅವರ ಮೀನಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು. ಇವನು ಹೀಗೆ ಕೊಯ್ದು ತೊಳೆದು ಮಲಗಿಸಿ ತರುವುದು ನಮ್ಮದು ಹೊಲಸು ಎಂದು ತೋರಿಸುವುದಕ್ಕೇ ಎಂದರು. ಕಟ್ಟೆಯ ಗುತ್ತಿಗೆ ಹಿಡಿದ ಒಬ್ಬ ವ್ಯಾಪಾರಿಯಿದ್ದ. ಯಾರು ಎಲ್ಲಿ ಕೂರಬೇಕು, ಯಾರು ಕೂರಬಾರದು ಎಂಬುದು ಅವನ ಕೈಯಲ್ಲಿತ್ತು. ದೂರು ಅವನಲ್ಲಿಗೆ ಹೋಯಿತು. ಆ ಊರಿನಲ್ಲಿ ಕಟ್ಟೆಯ ಜಾಗ ಹೋದರೆ ಹೊಟ್ಟೆಯ ಪಾಡು ಹೋದಂತೆಯೇ. ಬೇರೆ ಕಡೆ ಮಾರುವುದಾದರೆ ಬುಟ್ಟಿ ಹೊತ್ತು ಬೆಟ್ಟದ ಬುಡದ ಹಳ್ಳಿಗಳ ತನಕ ಅರ್ಧ ದಿನ ನಡೆಯಬೇಕು. ಅಷ್ಟು ಹೊತ್ತಿಗೆ ಯಾರ ಮೀನಾದರೂ ಕೆಡುತ್ತದೆ ಎಂದು ಎಲ್ಲರೂ ನಂಬಿದ್ದರು.

ವ್ಯಾಪಾರಿ ಮೀನುಗಾರನ ಮನೆಗೆ ತಾನೇ ಬಂದ. ಅಂಗಳದಲ್ಲಿ ಬುಟ್ಟಿಯಿತ್ತು. ಅವನು ಒಂದು ಮೀನು ಎತ್ತಿಕೊಂಡ. ಕಿವಿರು ನೋಡಲಿಲ್ಲ. ಸೀಳಿದ ಹೊಟ್ಟೆಯೊಳಗೆ ಹೆಬ್ಬೆರಳು ಹಾಕಿ ಬೆನ್ನುಮೂಳೆಯ ಉದ್ದಕ್ಕೂ ಎಳೆದ. ಹೊರಗೆ ತೆಗೆದು ಬೆರಳನ್ನು ನೋಡಿದ. ಬೆರಳು ಶುಭ್ರವಾಗಿತ್ತು. ಆಮೇಲೆ ತಾನು ತಂದಿದ್ದ ಒಂದು ಬಟ್ಟಲನ್ನು ಜಗಲಿಯ ಮೇಲಿಟ್ಟ. ಅದರಲ್ಲಿ ನೀರಿಗೆ ಕದಡಿದ ಕೆಂಪು ಬಣ್ಣವಿತ್ತು.

"ಇಂಥ ಮೀನು ಈ ತೀರದಲ್ಲಿ ಇಲ್ಲ, ಅದು ನನಗೆ ಗೊತ್ತುಂಟು," ಎಂದ. "ಕೊಳ್ಳುವವರಿಗೆ ಗೊತ್ತಿಲ್ಲ. ಅವರಿಗೆ ಕೆಂಪು ಬೇಕು, ಕೊಡು. ಕೆಂಪು ಅಂದ್ರೆ ತಾಜಾ ಅಂತ ಲೆಕ್ಕ. ನಿನ್ನದು ತಾಜಾವೇ ಅಲ್ವಾ? ಹಾಗಾದ್ರೆ ಸುಳ್ಳು ಎಲ್ಲಿ ಬಂತು?"

ಅವನು ಕೆಟ್ಟ ಮನುಷ್ಯನಲ್ಲ. ದನಿಯಲ್ಲಿ ಮೋಸವಿರಲಿಲ್ಲ. ಜನ ಒಮ್ಮೆ ರುಚಿ ನೋಡಲಿ, ಆಮೇಲೆ ನೀನು ಬೇಕಾದರೆ ಬಣ್ಣ ಬಿಡು ಎಂದೂ ಹೇಳಿದ. ಕೇಳಿದೆಯಾ? ನೀನು ದಾರಿಯುದ್ದಕ್ಕೂ ಯೋಚಿಸಿದ್ದನ್ನು ಅವನು ಒಂದೇ ಉಸಿರಿಗೆ ನಿನಗಿಂತ ಚೆನ್ನಾಗಿ ಹೇಳಿದ.

ಮೀನುಗಾರ ಮಾತಿನ ಮನುಷ್ಯನಲ್ಲ. ವ್ಯಾಪಾರಿಯ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕಿದ, ಸಿಗಲಿಲ್ಲ. ಬಟ್ಟಲನ್ನು ನೋಡಿದ. ತನ್ನ ಕೈಗಳನ್ನು ನೋಡಿಕೊಂಡ. ಆಮೇಲೆ ಹೇಳಿದ.

"ಸುಳ್ಳೋ ನಿಜವೋ ನನಗೆ ಗೊತ್ತಾಗುದಿಲ್ಲ ಸಾಹುಕಾರ್ರೇ. ನನ್ನ ಕೈ ಮಾತ್ರ ನನಗೆ ಗೊತ್ತು. ದೋಣಿ ಕುಣಿಯುವಾಗ, ಬೆರಳು ಮರಗಟ್ಟಿದಾಗ ಒಂದೊಂದೇ ಮೀನು ಹಿಡಿದು ಕೊಯ್ಯುದು ಸುಲಭ ಇಲ್ಲ. ಇದು ಸೋಮಾರಿ ಕೈ. ಬಣ್ಣ ಹಚ್ಚಿದ್ರೆ ಮೀನು ಹೋಗ್ತದೆ ಅಂತ ಇದಕ್ಕೆ ಒಂದು ದಿನ ಗೊತ್ತಾದ್ರೆ ಸಾಕು, ಮರುದಿನ ಇದು ಚಾಕು ಎತ್ತುದಿಲ್ಲ."

ವ್ಯಾಪಾರಿಯ ಮುಖ ಗಂಟಿಕ್ಕಿತು. ಮೂರು ದಿನ ಗಡುವು ಕೊಟ್ಟ. ಮೂರನೆಯ ದಿನವೂ ಕಿವಿರು ಬಿಳಿಚಿದ್ದರೆ ಕಟ್ಟೆಯ ಜಾಗ ಬೇರೆಯವರಿಗೆ ಎಂದು ಹೇಳಿ, ಬಟ್ಟಲನ್ನು ಅಲ್ಲೇ ಬಿಟ್ಟು ಹೋದ. ಹೆಂಡತಿ ಒಳಗಿನಿಂದ ಬಂದು ಬಣ್ಣವನ್ನು ತೆಂಗಿನ ಬುಡಕ್ಕೆ ಸುರಿದಳು. ಬಟ್ಟಲು ಗಟ್ಟಿಯಾಗಿತ್ತು. ತೊಳೆದು ಉಪ್ಪು ಹಾಕಿಡಲು ಇಟ್ಟುಕೊಂಡಳು.

ಮರುದಿನ ಅವಳು ಕಟ್ಟೆಗೆ ಹೋಗುವಾಗ ತೆಂಗಿನ ಗರಿಯ ಕಡ್ಡಿಗಳನ್ನು ಬೆರಳುದ್ದ ಮುರಿದು ಸೆರಗಿಗೆ ಕಟ್ಟಿಕೊಂಡಳು. ತನ್ನ ಜಾಗದಲ್ಲಿ ಕುಳಿತು ಒಂದೊಂದು ಮೀನಿನ ಕಿವಿರಿನ ಮುಚ್ಚಳವನ್ನೂ ಎತ್ತಿ, ಅದು ಮುಚ್ಚಿಕೊಳ್ಳದ ಹಾಗೆ ಅಡ್ಡ ಕಡ್ಡಿ ಕೊಟ್ಟಳು. ಬಿಳಿಚಿದ ಕಿವಿರುಗಳೆಲ್ಲ ದಾರಿಯ ಕಡೆಗೆ ಮುಖ ಮಾಡಿ ಬಾಯಿ ತೆರೆದುಕೊಂಡು ಮಲಗಿದವು. ಎತ್ತಿ ನೋಡುವ ಕಷ್ಟ ಬೇಡ, ನಿಂತೇ ನೋಡಿಕೊಂಡು ಹೋಗಿ ಎಂದು ಬಂದವರಿಗೆಲ್ಲ ಹೇಳಿದಳು. ಜನ ಬಂದರು, ನೋಡಿದರು, ನಕ್ಕರು. ಯಾರೂ ಕೊಳ್ಳಲಿಲ್ಲ. ಎರಡನೆಯ ದಿನವೂ ಕಡ್ಡಿ ಕೊಟ್ಟಳು. ಮೂರನೆಯ ದಿನವೂ ಕೊಟ್ಟಳು. ಆ ಮೂರು ದಿನ ಮನೆಯಲ್ಲಿ ಮೀನೇ ಊಟ, ಅಕ್ಕಿ ಇರಲಿಲ್ಲ. ಆ ಹೆಂಗಸನ್ನು ನೆನೆದರೆ ನನಗೆ ಇವತ್ತಿಗೂ ಎದೆ ತುಂಬಿ ಬರುತ್ತದೆ. ಹಟವೆಂದರೆ ಬಾಯಿ ಮಾಡುವುದಲ್ಲ. ತನ್ನಲ್ಲಿ ಏನಿಲ್ಲವೆಂದು ಜನ ಹಂಗಿಸುತ್ತಾರೋ ಅದನ್ನೇ ಮುಂದಿಟ್ಟುಕೊಂಡು ಕುಳಿತುಕೊಳ್ಳುವುದು.

ಮೂರನೆಯ ದಿನ ಮಧ್ಯಾಹ್ನ ವ್ಯಾಪಾರಿಯ ಆಳು ಬಂದು ಅವಳ ಬುಟ್ಟಿಯನ್ನು ಎತ್ತಿ ಮರಳಿನ ಮೇಲಿಟ್ಟ. ಅವಳು ಕೂಗಾಡಲಿಲ್ಲ. ಸೆರಗು ಸುತ್ತಿ ಸಿಂಬೆ ಮಾಡಿ ತಲೆಯ ಮೇಲಿಟ್ಟುಕೊಂಡಳು. ಬುಟ್ಟಿ ಹೊತ್ತುಕೊಂಡಳು. ಮನೆಯ ದಾರಿ ಹಿಡಿಯದೆ ಬೆಟ್ಟದ ದಾರಿ ಹಿಡಿದಳು.

ಬೆಟ್ಟದ ಬುಡದ ಹಳ್ಳಿಗಳಿಗೆ ಮೀನು ಬರುತ್ತಿರಲಿಲ್ಲ ಎಂದಲ್ಲ. ಕಟ್ಟೆಯಲ್ಲಿ ಉಳಿದದ್ದು, ಯಾರಿಗೂ ಬೇಡದ್ದು ಅಲ್ಲಿಗೆ ಬರುತ್ತಿತ್ತು. ಕೆಂಪು ಕಿವಿರನ್ನು ಅಲ್ಲಿನವರು ಹುಟ್ಟಿದಂದಿನಿಂದ ಕಂಡವರಲ್ಲ. ಅವರು ಮುಚ್ಚಳ ಎತ್ತುತ್ತಿರಲಿಲ್ಲ. ಮಾರುದ್ದ ದೂರ ನಿಂತು ಮೂಸುತ್ತಿದ್ದರು. ಅಲ್ಲಿ ಮೀನಿನವಳು ಬರುವುದಕ್ಕಿಂತ ಮೊದಲೇ ಮೀನು ಬಂದಿರುತ್ತಿತ್ತು. ಇವಳು ಬೀದಿಯ ನಡುವೆ ಬಂದು ನಿಂತಾಗ ಮೀನು ಬಂದಿದೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಕೂಗಿ ಹೇಳಬೇಕಾಯಿತು.

ಒಬ್ಬಳು ಮುದುಕಿ ಬಾಗಿಲು ತೆರೆದು ಬಂದಳು. ದೂರ ನಿಂತು ಮೂಸಿದಳು. ಹತ್ತಿರ ಬಂದು ಮೂಸಿದಳು. ಬಗ್ಗಿ ಬುಟ್ಟಿಯೊಳಗೇ ಮೂಗಿಟ್ಟಳು. ಇದಕ್ಕೆ ಎಂಥ ಮದ್ದು ಹಾಕಿದ್ದೀ ಎಂದು ಸಂಶಯದಿಂದ ಕೇಳಿದಳು. ಮದ್ದು ಹಾಕಿಲ್ಲ, ರಕ್ತ ತೆಗೆದಿದ್ದೇವೆ ಎಂದಳು ಇವಳು. ಮುದುಕಿಗೆ ನಂಬಿಕೆ ಬರಲಿಲ್ಲ. ಇದ್ದುದರಲ್ಲಿ ಚಿಕ್ಕದನ್ನು ಆರಿಸಿ ಕೊಂಡಳು. ಅಂದು ಬುಟ್ಟಿಯಿಂದ ಹೋದದ್ದು ಅದೊಂದೇ. ಮರುದಿನ ಇವಳು ಮತ್ತೆ ಅಷ್ಟು ದೂರ ನಡೆದುಹೋದಾಗ ಆ ಮುದುಕಿ ಊರ ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತಿದ್ದಳು. ಅವಳ ಹಿಂದೆ ಇನ್ನೂ ನಾಲ್ಕು ಹೆಂಗಸರಿದ್ದರು.

ಹೀಗೆ ಅವರ ಬದುಕು ನಡೆಯಿತು. ಅವರು ಉದ್ಧಾರವಾದರು ಎಂದು ಹೇಳಿ ನಿನ್ನನ್ನು ಸಮಾಧಾನ ಮಾಡುವುದಿಲ್ಲ. ಅವನ ದೋಣಿ ಅರ್ಧ ಖಾಲಿಯೇ ಬರುತ್ತಿತ್ತು. ಅವಳ ಹಿಮ್ಮಡಿ ಒಡೆದು ನಡೆಯಲಾಗದ ದಿನಗಳಿದ್ದವು. ಅಳಿವೆಯ ಊರಿನವರು ಬದಲಾಗಲಿಲ್ಲ, ಕೊನೆಯ ತನಕ ಕೆಂಪು ನೋಡಿಯೇ ಕೊಂಡರು. ಇಷ್ಟು ಮಾತ್ರ ನಿಜ: ಸಾಯುವ ತನಕ ಅವನು ಒಂದು ಮೀನನ್ನೂ ಕೊಯ್ಯದೆ ದಡಕ್ಕೆ ತರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಮಾತು ನಾಟಿತ್ತು, ಆದರೆ ಮನಸ್ಸು ಸೋಲಲು ಒಪ್ಪಲಿಲ್ಲ. ಬಾವಿಯ ಹಗ್ಗ ಮುಟ್ಟಲಾಗದೆ ಕೊಡ ಹಿಡಿದು ಕಾಯುವ ಕೇರಿಯ ಹೆಂಗಸರು ಅವನ ಕಣ್ಣಮುಂದಿದ್ದರು. ಕತೆ ಕೇಳುತ್ತಾ ಕೂರಲು ಅವರಿಗೆ ಹೊತ್ತಿಲ್ಲ ಎಂದು ಅವನಿಗೆ ಅನಿಸಿತು. ಅದನ್ನು ಬಾಯಿಬಿಟ್ಟು ಹೇಳಿಯೂ ಹೇಳಿದ.

"ಆ ಮೀನುಗಾರ ತನ್ನ ಕೈಗೆ ಹೆದರಿದ, ಗುರುಗಳೇ. ನನಗೆ ಆ ಹೆದರಿಕೆಯಿಲ್ಲ. ಹನ್ನೆರಡು ವರ್ಷ ನಿಮ್ಮ ಹತ್ತಿರ ಕಲಿತವನು ನಾನು. ಜನ ಸೇರುವ ತನಕ ಒಂದು ದಿನ ಬಣ್ಣ ಹಚ್ಚಿದ ಮಾತ್ರಕ್ಕೆ ಕೊಯ್ಯುವುದನ್ನು ಬಿಟ್ಟುಬಿಡುವವನಲ್ಲ."

ಗುರುಗಳು ಅವನ ಮುಖವನ್ನೇ ನೋಡಿದರು.

"ಆ ವ್ಯಾಪಾರಿಯೂ ಮೊದಲು ಮೀನು ಕೊಯ್ದು ತರುತ್ತಿದ್ದವನೇ ಮಗೂ, ಅವನು ಬಣ್ಣ ಹಚ್ಚಿದ್ದೂ ಒಂದು ದಿನಕ್ಕೆ ಎಂದುಕೊಂಡೇ."